ಫಾರ್ಮ್ಯಾಟ್ ಮಾಡಿ ತಿಂಗಳಾಗಲಿಲ್ಲ, ಮತ್ತೆ ಆಮೆನಡಿಗೆ: ಓಎಸ್‌ಗೂ ಮುಪ್ಪು ಬರುತ್ತದೆಯೇ?

ಬಿಟ್ಟುಬಿಡದ_ಬಗ್

ಸಾಫ್ಟ್‌ವೇರ್ ಏನು ಚಪ್ಪಲಿಯೇ, ತುಳಿದಷ್ಟೂ ಸವೆಯೋಕೆ? ಇವತ್ತು ಓಡಿಸಿದ ಸೂಚನೆಗಳನ್ನು ಪ್ರೊಸೆಸರ್ ಎರಡು ವರ್ಷ ಬಿಟ್ಟೂ ಅಷ್ಟೇ ವೇಗದಲ್ಲಿ ಓಡಿಸಬೇಕು. ಆದರೂ ಹೊಸದಾಗಿ ಹಾಕಿದ ಓಎಸ್ (ಆಪರೇಟಿಂಗ್ ಸಿಸ್ಟಮ್), ನನ್ನಲ್ಲಾದರೆ ವಿಂಡೋಸ್, ಚುರುಕಾಗಿರುತ್ತದೆ, ಬರಬರುತ್ತಾ ಕಾಲೆಳೆಯುತ್ತದೆ.

ಯಂತ್ರ ಇದು: 2017ರ ಲ್ಯಾಪ್‌ಟಾಪ್, ಏಳನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 5400 ಆರ್‌ಪಿಎಂನ 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಫಾರ್ಮ್ಯಾಟ್ ಆದ ದಿನ ಆನ್ ಮಾಡಿದ ಒಂದು ನಿಮಿಷಕ್ಕೆ ಬ್ರೌಸರ್ ತೆರೆಯುತ್ತಿತ್ತು. ಈಗ ಡೆಸ್ಕ್‌ಟಾಪ್ ಕಂಡಮೇಲೂ ಎರಡು ನಿಮಿಷ ಏನನ್ನು ಒತ್ತಿದರೂ ಮಾತಿಲ್ಲ ಕತೆಯಿಲ್ಲ. ಟೆಂಪ್ ಫೈಲ್ ಅಳಿಸಿದೆ, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಕ್ಲೀನರ್ ಓಡಿಸಿದೆ, ಪ್ರೀಫೆಚ್ ಫೋಲ್ಡರ್ ಖಾಲಿ ಮಾಡಿದೆ. ವೈರಸ್ ಇಲ್ಲ.

ನಿಧಾನವಾಗುವುದು ನಿಜವಾಗಿ ಯಾವುದು? ಫಾರ್ಮ್ಯಾಟ್ ಮಾಡಿದರೆ ಸರಿಹೋಗುವುದು ಯಾಕೆ, ಸರಿಹೋದದ್ದು ಉಳಿಯದಿರುವುದು ಯಾಕೆ?

ತಟ್ಟೆ_ತಿರುಗಾಟ

ಕೋಡ್ ಸವೆಯುವುದಿಲ್ಲ, ಸರಿ. ಆದರೆ ಫಾರ್ಮ್ಯಾಟ್ ಆದ ದಿನ ಓಡುತ್ತಿದ್ದ ಕೋಡೇ ಇವತ್ತೂ ಓಡುತ್ತಿದೆ ಅಂದುಕೊಂಡಿದ್ದೀರಲ್ಲ, ಅದು ತಪ್ಪು. ಕೆಲಸ ಹೆಚ್ಚಾಗಿದೆ, ಕೆಲಸ ಮಾಡುವ ಡಿಸ್ಕ್ ಅದೇ ಇದೆ.

ಡಿಸ್ಕಿನ ಲೆಕ್ಕ ನೋಡಿ. 5400 ಆರ್‌ಪಿಎಂ ಎಂದರೆ ಡಿಸ್ಕಿನೊಳಗಿನ ತಟ್ಟೆ ಒಂದು ಸುತ್ತು ಬರಲು 11.1 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಮುಳ್ಳಿನ, ಅಂದರೆ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 5.6. ಅದಕ್ಕೂ ಮೊದಲು ಹೆಡ್ ಸರಿಯಾದ ಟ್ರ್ಯಾಕ್‌ಗೆ ಸರಿಯಬೇಕು, ಲ್ಯಾಪ್‌ಟಾಪ್ ಡಿಸ್ಕ್‌ಗಳಲ್ಲಿ ಅದಕ್ಕೆ ಸುಮಾರು 12. ಒಟ್ಟು 17.6 ಮಿಲಿಸೆಕೆಂಡ್. ಚದುರಿದ ಜಾಗಗಳಿಂದ ಓದುವುದಾದರೆ ಸೆಕೆಂಡಿಗೆ ಹೆಚ್ಚುಕಡಿಮೆ 57 ಸಲ. ಸಲಕ್ಕೆ 4 ಕೆಬಿಯಂತೆ ಸಿಕ್ಕಿದರೆ ಸೆಕೆಂಡಿಗೆ 230 ಕೆಬಿಯೂ ಇಲ್ಲ! ಅದೇ ಡಿಸ್ಕ್ ದೊಡ್ಡ ವೀಡಿಯೊ ಫೈಲನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಓದಿಬಿಡುತ್ತದೆ. ಡಿಸ್ಕ್ ಚೆನ್ನಾಗಿದೆಯಲ್ಲ ಅಂತ ಜನ ಮೋಸಹೋಗುವುದು ಇಲ್ಲೇ.

ಈಗ ಲಾಗಿನ್ ಆದಮೇಲೆ ಎದ್ದೇಳುವ ಪ್ರೋಗ್ರಾಮ್‌ಗಳೆಲ್ಲ ಸೇರಿ ಇಂಥ 10,000 ಚಿಕ್ಕ ಓದುಗಳನ್ನು ಕೇಳಿದವು ಅಂತಿಟ್ಟುಕೊಳ್ಳಿ. 57ರಿಂದ ಭಾಗಿಸಿದರೆ 175 ಸೆಕೆಂಡ್. ಡಿಸ್ಕ್ ತನ್ನ ಸರದಿಯನ್ನು ಹತ್ತಿರದ್ದು ಮೊದಲು ಎಂಬಂತೆ ಹೊಂದಿಸಿಕೊಳ್ಳುತ್ತದೆ, ಹಾಗಾಗಿ ಲೆಕ್ಕ ಪೂರ್ತಿ ಇಷ್ಟು ಕೆಡುವುದಿಲ್ಲ. ಇನ್ನೊಂದು ಪರಿಹಾರ ಪ್ರೀಫೆಚ್: ಹೋದ ಸಲ ಯಾವ ಫೈಲಿನ ಯಾವ ಭಾಗ ಬೇಕಾಗಿತ್ತು ಅನ್ನುವುದನ್ನು ಬರೆದಿಟ್ಟುಕೊಂಡು ಈ ಸಲ ಒಟ್ಟಿಗೆ ತರಿಸುವ ವ್ಯವಸ್ಥೆ ಅದು. ನೀವು ಅಳಿಸಿ ಹಾಕಿದ್ದು ಅದನ್ನೇ.

ಫಾರ್ಮ್ಯಾಟ್ ಆದ ದಿನ ಚುರುಕು ಯಾಕೆ ಅಂದರೆ, ಒಂದು, ಜೊತೆಗೆ ಎದ್ದೇಳುವವರು ಯಾರೂ ಇರುವುದಿಲ್ಲ. ಎರಡು, ಖಾಲಿ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡಿದಾಗ ಫೈಲ್‌ಗಳು ಪಾರ್ಟಿಶನ್ನಿನ ಮೊದಲ ಭಾಗದಲ್ಲಿ ಒತ್ತೊತ್ತಾಗಿ ಕೂರುತ್ತವೆ. ಅದು ತಟ್ಟೆಯ ಹೊರ ಅಂಚು. ಅಲ್ಲಿ ಒಂದು ಸುತ್ತಿಗೆ ಸಿಗುವ ಡೇಟಾ ಒಳ ಅಂಚಿನದ್ದಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟು, ಹೆಡ್ ಸರಿಯಬೇಕಾದ ದೂರವೂ ಕಡಿಮೆ. ಆಮೇಲೆ ಬರುವ ಪ್ರತಿ ಅಪ್‌ಡೇಟ್ ತನ್ನ ಹೊಸ ಫೈಲ್‌ಗಳನ್ನು ಖಾಲಿ ಇರುವ ಇನ್ನೆಲ್ಲೋ ಇಡುತ್ತದೆ.

ಇನ್ನು ರ‍್ಯಾಮ್. 4 ಜಿಬಿಯಲ್ಲಿ ಓಎಸ್, ಆಂಟಿವೈರಸ್, ಗ್ರಾಫಿಕ್ಸ್‌ನ ಪಾಲು ಕಳೆದರೆ ಬ್ರೌಸರ್‌ಗೆ ಒಂದೂವರೆ ಜಿಬಿ ಉಳಿದರೆ ಹೆಚ್ಚು. ಮೀರಿದ್ದು ಪೇಜ್‌ಫೈಲ್‌ಗೆ, ಅಂದರೆ ಅದೇ 57 ಓದಿನ ಡಿಸ್ಕ್‌ಗೆ. ಎರಡೂ ಕೊರತೆ ಒಂದನ್ನೊಂದು ಎಳೆದು ಬೀಳಿಸುತ್ತವೆ.

ನನ್ನ ಮಾತು ನಂಬಬೇಕಿಲ್ಲ, ಅಳೆದು ನೋಡಿ. ಈವೆಂಟ್ ವ್ಯೂವರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್, ಆಪರೇಶನಲ್. ಅಲ್ಲಿ 100ನೇ ಸಂಖ್ಯೆಯ ಈವೆಂಟ್ ಎಂದರೆ ಬೂಟ್‌ಗೆ ಹಿಡಿದ ಸಮಯ, ಮಿಲಿಸೆಕೆಂಡ್‌ನಲ್ಲಿ. ಡೀಟೇಲ್ಸ್ ಟ್ಯಾಬ್‌ನಲ್ಲಿ ಅದು ಎರಡು ಭಾಗವಾಗಿ ಸಿಗುತ್ತದೆ: ಮೇನ್‌ಪಾತ್ ಎಂದರೆ ಡೆಸ್ಕ್‌ಟಾಪ್ ಬರುವವರೆಗೆ, ಪೋಸ್ಟ್‌ಬೂಟ್ ಎಂದರೆ ಆಮೇಲೆ ಯಂತ್ರ ಸುಮ್ಮನಾಗುವವರೆಗೆ. ಅಕ್ಕಪಕ್ಕದ 101 ತಡಮಾಡಿದ ಪ್ರೋಗ್ರಾಮ್‌ನ ಹೆಸರು ಹೇಳುತ್ತದೆ, 102 ಹಾರ್ಡ್‌ವೇರ್ ನಡೆಸುವ ಡ್ರೈವರ್‌ನದ್ದು, 103 ತೆರೆಮರೆಯಲ್ಲಿ ಓಡುವ ಸರ್ವಿಸ್‌ನದ್ದು. ಕಳ್ಳನ ಹೆಸರು ಅಲ್ಲೇ ಬರೆದಿರುವಾಗ ಊಹೆ ಮಾಡುತ್ತಾ ಯಾಕೆ ಕೂರಬೇಕು?

ಜೊತೆಗೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್‌ನ ಆ್ಯವರೇಜ್ ರೆಸ್ಪಾನ್ಸ್ ಟೈಮ್, ಮೆಮೊರಿಯ ಕಮಿಟೆಡ್ (ಪ್ರೋಗ್ರಾಮ್‌ಗಳಿಗೆ ಕೊಡಲು ಒಪ್ಪಿರುವ ಒಟ್ಟು ಮೆಮೊರಿ), ಇವೆರಡನ್ನೂ ಬರೆದುಕೊಂಡು ಬನ್ನಿ.

ಒರೆಗಲ್ಲು

ಅಳೆಯುವ ಹೊತ್ತಿಗೆ ಒಂದು ಎಚ್ಚರಿಕೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಬಂದಿದೆ. ಶಟ್‌ಡೌನ್ ಒತ್ತಿದರೆ ನಿಮ್ಮ ಪ್ರೋಗ್ರಾಮ್‌ಗಳು ಮುಚ್ಚುತ್ತವೆ, ಆದರೆ ಓಎಸ್‌ನ ತಿರುಳಾದ ಕರ್ನೆಲ್ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ಗೆ ಬರೆದಿಟ್ಟು ಮಾರನೆ ದಿನ ಹಾಗೇ ಎದ್ದುಬರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಕೆಳಗಿನ ಅಪ್‌ಟೈಮ್ ನೋಡಿ, ದಿನಾ ಆಫ್ ಮಾಡುವ ಯಂತ್ರದಲ್ಲೂ ಇಪ್ಪತ್ತು ದಿನ ಅಂತ ಇರಬಹುದು. ಯಾವುದೋ ಡ್ರೈವರ್ ಮೆಮೊರಿ ಸೋರಿಸುತ್ತಿದ್ದರೆ, ಅಂದರೆ ಪಡೆದದ್ದನ್ನು ವಾಪಸ್ ಕೊಡದಿದ್ದರೆ, ಅದು ದಿನೇದಿನೇ ಕೂಡುತ್ತಾ ಹೋಗುತ್ತದೆ. ಅದನ್ನು ನಿಜವಾಗಿ ತೊಳೆಯುವುದು ರೀಸ್ಟಾರ್ಟ್ ಮಾತ್ರ.

ರಿಜಿಸ್ಟ್ರಿ ಕ್ಲೀನರ್ ವಿಷಯ. ರಿಜಿಸ್ಟ್ರಿಯನ್ನು ವಿಂಡೋಸ್ ಮೊದಲಿಂದ ಕೊನೆಯವರೆಗೆ ಓದುವುದಿಲ್ಲ, ಬೇಕಾದ ಕೀಯನ್ನು ಹೆಸರು ಹಿಡಿದು ನೇರವಾಗಿ ಹುಡುಕುತ್ತದೆ. ಲಕ್ಷಾಂತರ ಕೀಗಳ ನಡುವೆ ಐನೂರು ಅನಾಥ ಕೀಗಳನ್ನು ಕಿತ್ತರೆ ಆಗುವ ಉಳಿತಾಯ ಗಡಿಯಾರಕ್ಕೆ ಸಿಗುವಷ್ಟಲ್ಲ. ಬೇಕಾದ್ದೊಂದು ಕಿತ್ತುಹೋದರೆ ಮಾತ್ರ ತಕ್ಷಣ ಗೊತ್ತಾಗುತ್ತದೆ. ಇಂಥ ಸಾಧನಗಳಿಗೆ ಮೈಕ್ರೋಸಾಫ್ಟ್‌ನ ಬೆಂಬಲವೂ ಇಲ್ಲ. ರ‍್ಯಾಮ್ ಬೂಸ್ಟರ್ ಇನ್ನೂ ಕೆಟ್ಟದ್ದು: ಬಳಕೆಯಲ್ಲಿರುವ ಪುಟಗಳನ್ನು (ಮೆಮೊರಿಯ ತುಣುಕುಗಳನ್ನು) ಬಲವಂತವಾಗಿ ಹೊರದಬ್ಬಿ ಖಾಲಿ ಜಾಗ ಹೆಚ್ಚಾಯಿತು ಅಂತ ತೋರಿಸುತ್ತದೆ, ಮರುಕ್ಷಣ ಅವೇ ಪುಟಗಳು ಡಿಸ್ಕ್‌ನಿಂದ ವಾಪಸ್ ಬರಬೇಕು. ವಿಂಡೋಸ್ ತನ್ನ ಬಿಡಿಭಾಗಗಳನ್ನು ಇಟ್ಟುಕೊಳ್ಳುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ದೊಡ್ಡದಾಗಿದೆ ಅಂತ ಕೈಯಾರೆ ಅಳಿಸಲು ಹೋಗಬೇಡಿ, ಡಿಸ್ಕ್ ಕ್ಲೀನಪ್‌ನ ಸಿಸ್ಟಮ್ ಫೈಲ್ಸ್ ಆಯ್ಕೆಯೇ ಸಾಕು.

ಕೈಹಾಕಬೇಕಾದ್ದು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಟ್ಯಾಬ್‌ಗೆ. ಅಲ್ಲಿ ಹೈ ಅಂತ ಬರೆದಿದ್ದರೆ ಆ ಪ್ರೋಗ್ರಾಮ್ ಶುರುವಿನಲ್ಲಿ ಒಂದು ಸೆಕೆಂಡ್‌ಗಿಂತ ಹೆಚ್ಚು ಸಿಪಿಯು ಸಮಯವನ್ನೋ 3 ಎಂಬಿಗಿಂತ ಹೆಚ್ಚು ಡಿಸ್ಕ್ ಓದು-ಬರಹವನ್ನೋ ನುಂಗುತ್ತಿದೆ ಎಂದರ್ಥ. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳಲ್ಲೇ ಡೇಟಾ ಇಡುವ ಡಿಸ್ಕ್) ಇದ್ದವರಿಗೆ 3 ಎಂಬಿ ಏನೂ ಅಲ್ಲ. ಮೇಲಿನ ಲೆಕ್ಕದ ಪ್ರಕಾರ ನಿಮ್ಮ ಡಿಸ್ಕ್‌ಗೆ ಅದು ಚೂರುಚೂರಾಗಿ ಬಂದರೆ ಹದಿಮೂರು ಸೆಕೆಂಡ್! ಆ ಟ್ಯಾಬ್‌ನಲ್ಲಿ ಕಾಣದ ಷೆಡ್ಯೂಲ್ಡ್ ಟಾಸ್ಕ್, ಸರ್ವಿಸ್, ಎಕ್ಸ್‌ಪ್ಲೋರರ್‌ಗೆ ಅಂಟಿಕೊಂಡ ಶೆಲ್ ಎಕ್ಸ್‌ಟೆನ್ಶನ್ ಇವಕ್ಕೆ ಮೈಕ್ರೋಸಾಫ್ಟ್‌ನದ್ದೇ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲೊಂದಾದ ಆಟೋರನ್ಸ್ ಬೇಕು. ಮೈಕ್ರೋಸಾಫ್ಟ್ ಎಂಟ್ರಿಗಳನ್ನು ಮರೆಮಾಡುವ ಆಯ್ಕೆ ಹಾಕಿ, ಉಳಿದದ್ದರಲ್ಲಿ ಬೇಡದ್ದರ ಟಿಕ್ ತೆಗೆಯಿರಿ. ಡಿಲೀಟ್ ಬೇಡ, ಟಿಕ್ ತೆಗೆದದ್ದನ್ನು ಮತ್ತೆ ಹಾಕಬಹುದು.

ಪೆಂಗ್ವಿನ್_ಪಡಸಾಲೆ

ಲಿನಕ್ಸ್ ಹಾಕಿ, ಎಲ್ಲ ಸರಿಹೋಗುತ್ತದೆ.

ಒರೆಗಲ್ಲು

ಓಎಸ್ ಹಗುರಾಗುತ್ತದೆ, ನಿಜ. ಬ್ರೌಸರ್ ಹಗುರಾಗುವುದಿಲ್ಲ. 4 ಜಿಬಿಯಲ್ಲಿ ಹದಿನೈದು ಟ್ಯಾಬ್ ತೆರೆದರೆ ಲಿನಕ್ಸ್ ಕೂಡ ಸ್ವಾಪ್‌ಗೇ, ಅಂದರೆ ಡಿಸ್ಕ್‌ಗೇ ಹೋಗಬೇಕು.

ಪೆಂಗ್ವಿನ್_ಪಡಸಾಲೆ

ಒಪ್ಪಿದೆ. ಹಾಕುವವರು ಝಡ್‌ರ‍್ಯಾಮ್ ಆನ್ ಮಾಡಿಕೊಳ್ಳಲಿ. ಡಿಸ್ಕ್‌ಗೆ ಹೋಗುವ ಪುಟಗಳು ರ‍್ಯಾಮ್‌ನಲ್ಲೇ ಹಿಂಡಿದ ರೂಪದಲ್ಲಿ ಉಳಿಯುತ್ತವೆ, ಸಿಪಿಯುಗೆ ಸ್ವಲ್ಪ ಕೆಲಸ ಹೆಚ್ಚು, ಡಿಸ್ಕ್‌ಗೆ ಬಹಳ ಕಡಿಮೆ.

ಮೂಲ ಪ್ರಶ್ನೆಗೆ ಒಂದು ಮಾತು. 2001ರ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ ರ‍್ಯಾಮ್ 64 ಎಂಬಿ, 2021ರ ವಿಂಡೋಸ್ 11ಕ್ಕೆ 4 ಜಿಬಿ, ಅಂದರೆ 64 ಪಟ್ಟು. ಒಂದೇ ಯಂತ್ರದ ಆಯುಸ್ಸಿನಲ್ಲೂ ಇದು ನಡೆಯುತ್ತದೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷ ಹೊರಬಿತ್ತು. ಈ ಐ3 ಅದಕ್ಕೆ ಸಿಕ್ಕಿಬೀಳುವ ಪೀಳಿಗೆಯದ್ದು. ಪರಿಹಾರವಾಗಿ ಕರ್ನೆಲ್‌ನ ಮೆಮೊರಿ ನಕ್ಷೆಯನ್ನು ಪ್ರೋಗ್ರಾಮ್‌ಗಳಿಂದ ಬೇರ್ಪಡಿಸಬೇಕಾಯಿತು, ಪ್ರೋಗ್ರಾಮ್ ಕರ್ನೆಲ್‌ಗೆ ಕೊಡುವ ಪ್ರತಿ ಕರೆಗೂ (ಸಿಸ್ಟಮ್ ಕಾಲ್) ಅದರ ಸುಂಕ. ಅದೇ ವರ್ಷ ಕ್ರೋಮ್ 67 ಬೇರೆಬೇರೆ ಸೈಟ್‌ಗಳನ್ನು ಬೇರೆಬೇರೆ ಪ್ರೊಸೆಸ್‌ಗಳಲ್ಲಿ ಇಡಲು ಶುರುಮಾಡಿತು, ಅದಕ್ಕೆ ಗೂಗಲ್ಲೇ ಹೇಳಿದ ಹೆಚ್ಚುವರಿ ಮೆಮೊರಿ ಶೇಕಡಾ 10ರಿಂದ 13. ಎರಡೂ ಭದ್ರತೆಗೆ ಬೇಕಾದವೇ, ಬೈಯುವ ಹಾಗಿಲ್ಲ. ಫಾರ್ಮ್ಯಾಟ್ ಮಾಡಿ ಹಳೇ ಇನ್‌ಸ್ಟಾಲರ್‌ನಿಂದ ವಿಂಡೋಸ್ ಹಾಕಿದಾಗ ಇವು ಕೆಲಕಾಲ ಇರುವುದಿಲ್ಲ. ಅಪ್‌ಡೇಟ್‌ಗಳು ಒಂದೊಂದಾಗಿ ಬಂದು ಮತ್ತೆ ಕೂರುತ್ತವೆ.

ಬಿಸಿಗಾಳಿ

ಎಲ್ಲರೂ ಸಾಫ್ಟ್‌ವೇರನ್ನೇ ಹಿಡಿದಿದ್ದೀರಿ. ಎಂಟು ವರ್ಷ ದಾಟಿದ ಲ್ಯಾಪ್‌ಟಾಪ್‌ನಲ್ಲಿ ನಿಜಕ್ಕೂ ಸವೆಯುವ ಭಾಗಗಳಿವೆ.

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ನಾಲ್ಕು ಸಾಲು ನೋಡಿ. 05 ಎಂದರೆ ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ತುಂಡುಗಳು). ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು. ಸಿ6 ಸರಿಪಡಿಸಲಾಗದವು. ಸಿ7 ಕೇಬಲ್ ಅಥವಾ ಕನೆಕ್ಟರ್ ತಪ್ಪುಗಳು. ಅಂಕಿಗಳು ಹೆಕ್ಸಾಡೆಸಿಮಲ್‌ನಲ್ಲಿರುತ್ತವೆ, 10 ಅಂತ ಕಂಡರೆ ಹದಿನಾರು ಅಂತ ಓದಿ. ಸಿ5 ಸೊನ್ನೆಯಲ್ಲದಿದ್ದರೆ ಬೇರೆಲ್ಲ ಬಿಟ್ಟು ಮೊದಲು ಬ್ಯಾಕಪ್. ಒಂದು ಹಾಳು ಸೆಕ್ಟರ್ ಸಿಕ್ಕರೆ ಡಿಸ್ಕ್ ಅದನ್ನೇ ಮತ್ತೆಮತ್ತೆ ಓದಲು ಹೆಣಗುತ್ತದೆ, ಅಷ್ಟು ಹೊತ್ತು ಅದರ ಹಿಂದಿನ ಸರದಿಯೆಲ್ಲ ನಿಂತಿರುತ್ತದೆ. ಪರದೆ ಕೆಲವು ಸೆಕೆಂಡ್ ಕಲ್ಲಾಗಿ ಆಮೇಲೆ ತಾನೇ ಸರಿಹೋಗುವುದು ಇದರ ಗುರುತು. ಎಕ್ಸ್‌ಪಿ ಕಾಲದಲ್ಲಿ ಇನ್ನೂ ಮಜಾ ಇತ್ತು: ಹಳೇ ಐಡಿಇ ಮಾದರಿಯ ಡಿಸ್ಕ್‌ನಲ್ಲಿ ಡೇಟಾ ಕೆಟ್ಟು ಬರುವ (ಸಿಆರ್‌ಸಿ) ಅಥವಾ ತಡವಾಗುವ (ಟೈಮ್‌ಔಟ್) ತಪ್ಪು ಆರು ಸಲ ಆಯಿತೆಂದರೆ ಓಎಸ್ಸೇ ವರ್ಗಾವಣೆಯನ್ನು ವೇಗದ ಡಿಎಂಎ ವಿಧಾನದಿಂದ ನಿಧಾನದ ಪಿಐಒ ವಿಧಾನಕ್ಕೆ ಇಳಿಸಿಬಿಡುತ್ತಿತ್ತು, ತಾನಾಗಿ ಮೇಲೇರುತ್ತಲೇ ಇರಲಿಲ್ಲ.

ಎರಡನೆಯದು ಬಿಸಿ. ಹೀಟ್‌ಸಿಂಕ್ ರೆಕ್ಕೆಗಳ ನಡುವೆ ದೂಳು ಕಂಬಳಿಯಂತೆ ಕಟ್ಟಿಕೊಳ್ಳುತ್ತದೆ, ಥರ್ಮಲ್ ಪೇಸ್ಟ್ ಒಣಗುತ್ತದೆ. ಚಿಪ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ. ತಾಪ ತೋರಿಸುವ ಎಚ್‌ಡಬ್ಲ್ಯುಇನ್ಫೋ ಪ್ರೋಗ್ರಾಮ್‌ನಲ್ಲಿ ಥರ್ಮಲ್ ಥ್ರಾಟ್ಲಿಂಗ್ ಎದುರು ಯೆಸ್ ಅಂತ ಬಂದರೆ ಬಿಚ್ಚಿ ತೊಳೆಯುವ ಕಾಲ ಬಂದಿದೆ. ಮೊದಲು ಅಡಾಪ್ಟರ್ ತೆಗೆದು ಒಳಗಿನ ಬ್ಯಾಟರಿ ಕನೆಕ್ಟರ್ ಬಿಡಿಸಿ. ಗಾಳಿ ಊದುವಾಗ ಫ್ಯಾನಿನ ಎಲೆ ತಿರುಗದಂತೆ ಕಡ್ಡಿಯಿಂದ ಹಿಡಿಯಿರಿ, ಇಲ್ಲದಿದ್ದರೆ ಬೇರಿಂಗ್ ಹೋಗುತ್ತದೆ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಚಿಪ್ ಮುಚ್ಚುವಷ್ಟು ತೆಳುವಾಗಿ ಹೊಸದನ್ನು ಹಚ್ಚಿ, ಸ್ಕ್ರೂಗಳನ್ನು ಹೀಟ್‌ಸಿಂಕ್ ಮೇಲೆ ಬರೆದ ಸಂಖ್ಯೆಯ ಕ್ರಮದಲ್ಲೇ ಬಿಗಿಮಾಡಿ.

ಬಿಟ್ಟುಬಿಡದ_ಬಗ್

ಅಳೆದೆ. ಈವೆಂಟ್ 100: ಒಟ್ಟು 1,71,000 ಮಿಲಿಸೆಕೆಂಡ್, ಅದರಲ್ಲಿ ಮೇನ್‌ಪಾತ್ 44,000, ಪೋಸ್ಟ್‌ಬೂಟ್ 1,27,000. ಡಿಸ್ಕ್ 100 ಶೇಕಡಾ, ರೆಸ್ಪಾನ್ಸ್ ಟೈಮ್ 400 ಮಿಲಿಸೆಕೆಂಡ್ ಆಸುಪಾಸು, ವರ್ಗಾವಣೆ ಸೆಕೆಂಡಿಗೆ 1 ಎಂಬಿ ಮಾತ್ರ. ಬ್ರೌಸರ್ ತೆರೆದಮೇಲೆ ಕಮಿಟೆಡ್ 7.1 ಜಿಬಿ. 05, ಸಿ5, ಸಿ6, ಸಿ7 ಎಲ್ಲ ಸೊನ್ನೆ. ತಾಪ 78 ದಾಟಲಿಲ್ಲ. ಅಪ್‌ಟೈಮ್ 23 ದಿನ!

ಎಸ್‌ಎಸ್‌ಡಿ ಮೊದಲೋ ರ‍್ಯಾಮ್ ಮೊದಲೋ?

ತಟ್ಟೆ_ತಿರುಗಾಟ

ಎಸ್‌ಎಸ್‌ಡಿ ಮೊದಲು. ಪೋಸ್ಟ್‌ಬೂಟ್ ಮೇನ್‌ಪಾತ್‌ನ ಮೂರು ಪಟ್ಟು ಇದೆ ಎಂದರೆ ಕಾಡುತ್ತಿರುವುದು ಲಾಗಿನ್ ಆದಮೇಲಿನ ನೂಕುನುಗ್ಗಲು. ಆ ಸರದಿಯನ್ನು ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಹತ್ತಾರು ಸಾವಿರ ಓದಿನ ವೇಗದಲ್ಲಿ ಮುಗಿಸುತ್ತದೆ. ಪೇಜ್‌ಫೈಲ್ ನೋವೂ ಅದರ ಜೊತೆಗೇ ಅರ್ಧ ಇಳಿಯುತ್ತದೆ. ಆದರೆ 4 ಜಿಬಿ ಮೇಲೆ 7.1 ಜಿಬಿ ಹೊರೆ ಹೊರಿಸಿದ್ದೀರಿ, ರ‍್ಯಾಮ್ ಎರಡನೆಯದಾಗಿ ಬೇಕೇ ಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಲಾಟ್ಸ್ ಯೂಸ್ಡ್ ನೋಡಿ, ಸಿಪಿಯು-ಝಡ್‌ನಲ್ಲಿ ಮೆಮೊರಿಯ ಬಗೆ ಡಿಡಿಆರ್4ಓ ಡಿಡಿಆರ್3ಎಲ್ಓ ಖಚಿತಮಾಡಿಕೊಳ್ಳಿ, ಆ ಪೀಳಿಗೆಯಲ್ಲಿ ಎರಡೂ ಇದ್ದವು.

2.5 ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ಹಳೇ ಡಿಸ್ಕಿನ ಜಾಗದಲ್ಲೇ ಕೂರುತ್ತದೆ. ಕೂತಮೇಲೆ ಆಪ್ಟಿಮೈಸ್ ಡ್ರೈವ್ಸ್ ತೆರೆದು ಅದರ ಬಗೆ ಸಾಲಿಡ್ ಸ್ಟೇಟ್ ಅಂತಲೇ ತೋರಿಸುತ್ತಿದೆಯೇ ನೋಡಿ. ಆಗ ಆ ಬಟನ್ ಡಿಫ್ರ್ಯಾಗ್ (ಚದುರಿದ ಫೈಲ್ ಜೋಡಿಸುವುದು) ಬದಲು ಟ್ರಿಮ್ (ಯಾವ ಜಾಗ ಖಾಲಿಯಾಗಿದೆ ಎಂಬ ಸೂಚನೆ) ಕಳಿಸುತ್ತದೆ. ಎಸ್‌ಎಸ್‌ಡಿಯನ್ನು ಶೇಕಡಾ 80-85ಕ್ಕಿಂತ ಹೆಚ್ಚು ತುಂಬಿಸಬೇಡಿ. ಅದು ಕೆಲವೇ ಕೆಬಿಯ ಪುಟಗಳಲ್ಲಿ ಬರೆದರೂ ಅಳಿಸುವುದು ಹಲವು ಎಂಬಿಯ ಬ್ಲಾಕ್ ಲೆಕ್ಕದಲ್ಲಿ. ಖಾಲಿ ಜಾಗ ತೀರಿದರೆ ಒಂದು ಪುಟ ಬರೆಯಲು ಇಡೀ ಬ್ಲಾಕಿನ ಜೀವಂತ ಡೇಟಾವನ್ನು ಬೇರೆಡೆಗೆ ಹೊರಬೇಕಾಗುತ್ತದೆ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ವೇಗದ ಕ್ಯಾಶ್ ಕೂಡ ಖಾಲಿ ಜಾಗದಿಂದಲೇ ಹುಟ್ಟುವುದು, ತುಂಬಿದಷ್ಟೂ ಕುಗ್ಗುತ್ತದೆ.

ಒರೆಗಲ್ಲು

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಏಳನೇ ತಲೆಮಾರಿನ ಐ3 ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಪಡಸಾಲೆಯವರು ಹೇಳಿದ ಲಿನಕ್ಸನ್ನು ಎಸ್‌ಎಸ್‌ಡಿ ಬಂದ ದಿನವೇ ಯುಎಸ್‌ಬಿಯಿಂದ ಲೈವ್ ಆಗಿ ಓಡಿಸಿ ನೋಡಿ, ಇನ್‌ಸ್ಟಾಲ್ ಮಾಡಬೇಕೆಂದಿಲ್ಲ.

ಹಳೇ ಡಿಸ್ಕನ್ನು ಹೊಸದಕ್ಕೆ ಹಾಗೇ ನಕಲು (ಕ್ಲೋನ್) ಮಾಡುವುದಾದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಡಿವೈಸ್ ಎನ್‌ಕ್ರಿಪ್ಶನ್ ಅಥವಾ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಇದ್ದರೆ ರಿಕವರಿ ಕೀಯ 48 ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಂಡು, ಎನ್‌ಕ್ರಿಪ್ಶನ್ ಆಫ್ ಮಾಡಿ, ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ನಿಮ್ಮ ಡಿಸ್ಕ್‌ನಲ್ಲಿ ಅದಕ್ಕೇ ಒಂದು ರಾತ್ರಿ ಬೇಕು.