ಸೈಕಲ್ ಫ್ರೇಮ್ ಬಳುಕಿದರೆ ತುಳಿದದ್ದೆಲ್ಲ ದಂಡವಾ? ಮೆಕ್ಯಾನಿಕ್ ಜತೆ ಪ್ರಶ್ನೋತ್ತರ

ಹೊಸ ಸವಾರ: ಎದ್ದು ನಿಂತು ತುಳಿದರೆ ಬಾಟಮ್ ಬ್ರಾಕೆಟ್ (ಫ್ರೇಮಿನಲ್ಲಿ ಪೆಡಲ್ ಅಚ್ಚು ಕೂರುವ ಜಾಗ) ಅತ್ತಿತ್ತ ಬಳುಕುತ್ತೆ. ಅಷ್ಟೂ ಶಕ್ತಿ ಪೋಲಾ ಸರ್?

ಮೆಕ್ಯಾನಿಕ್: ಇಲ್ಲ. ಫ್ರೇಮೂ ಒಂದು ಸ್ಪ್ರಿಂಗೇ. 500 ನ್ಯೂಟನ್ ಒತ್ತಿದಾಗ 4 ಮಿ.ಮೀ. ಬಳುಕಿತು ಅನ್ನಿ, ಒಳಗೆ ಕೂಡಿದ್ದು 1 ಜೂಲ್. ಪೆಡಲ್ ನಿಮಿಷಕ್ಕೆ 90 ಸುತ್ತಾದರೆ ಎರಡೂ ಕಾಲು ಸೇರಿ ಸೆಕೆಂಡಿಗೆ 3 ತುಳಿತ, ಅಂದರೆ 3 ವ್ಯಾಟ್. ಅದೂ ಬಹುಪಾಲು ವಾಪಸ್ ಬರುತ್ತೆ. ಲೋಹ ಬಿಸಿಯಾಗಿ ನುಂಗುವುದು ಚೂರೇ ಚೂರು. ವಾಪಸ್ ಬಂದದ್ದರಲ್ಲಿ ಚೈನಿಗೆಷ್ಟು, ಕಾಲಿಗೆಷ್ಟು ಅನ್ನುವುದಷ್ಟೇ ವಾದ. ಐರ್ಲೆಂಡಿನ ರೇಸ್ ಸವಾರ ಶಾನ್ ಕೆಲ್ಲಿ 1980ರ ದಶಕದಲ್ಲಿ ಗೆದ್ದದ್ದು ಬಳುಕಿಗೇ ಹೆಸರಾದ ವೀಟಸ್ 979 ಫ್ರೇಮ್ ಮೇಲೆ.

ಕಾರ್ಬನ್ ಭಕ್ತ: ಹಾಗಾದರೆ ಬಳುಕಬಾರದು ಅಂತ ಕಾರ್ಬನ್ ಫ್ರೇಮಿಗೆ ನಾವು ಕೊಟ್ಟ ದುಡ್ಡು?

ಹಳೇ ಸ್ಟೀಲ್: ಶೋಕಿಗೆ.

ಕಾರ್ಬನ್ ಭಕ್ತ: ನಿಮ್ಮದು ತುಕ್ಕಿನ ಶೋಕಿ.

ಮತ್ತೊಬ್ಬರು: ಬಳುಕಿದರೆ ಶಕ್ತಿ ಪೋಲಾಗಲ್ವಾ?

ಮೆಕ್ಯಾನಿಕ್: ಮೇಲೆ ಓದಿ.

ಬೆಟ್ಟದ ಸವಾರ: ಏಳು ವರ್ಷದ ಅಲ್ಯೂಮಿನಿಯಂ ಫ್ರೇಮ್. ಒಂದು ತಿಂಗಳಿಂದ ಮೆತ್ತಗಾದ ಹಾಗಿದೆ. ಏರಿನಲ್ಲಿ ಚೈನು ಗೇರ್ ಬದಲಿಸುವ ಮುಂದಿನ ಡಿರೇಲರ್‌ಗೆ ಉಜ್ಜುತ್ತೆ, ಬಲಗಾಲು ಒತ್ತಿದಾಗ ಕಿರ್ರ್ ಅನ್ನುತ್ತೆ. ವಯಸ್ಸಾಯ್ತಾ?

ಮೆಕ್ಯಾನಿಕ್: ಇದು ಬೇರೆ ಮಾತು. ವಯಸ್ಸಾಯ್ತು ಅಂತ ಲೋಹ ಮೆತ್ತಗಾಗಲ್ಲ. ಮೊದಲಿದ್ದ ಬಿಗಿ ಈಗಿಲ್ಲ ಅಂದರೆ ಏನೋ ಸಡಿಲವಾಗಿದೆ, ಇಲ್ಲವೇ ಸೀಳಿದೆ. ಕ್ರ್ಯಾಂಕ್ (ಪೆಡಲ್ ತಗುಲಿಸಿದ ತೋಳು) ಬೋಲ್ಟ್, ಬೇರಿಂಗ್ ನೋಡಿ. ಅವು ಸರಿಯಿದ್ದರೆ ಬಾಟಮ್ ಬ್ರಾಕೆಟ್ ಸುತ್ತಲಿನ ಬೆಸುಗೆ, ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗುವ ಬಲಗಡೆ ಕೊಳವೆ, ಅಂದರೆ ಚೈನ್‌ಸ್ಟೇ ಒರೆಸಿ ಟಾರ್ಚ್ ಓರೆಯಾಗಿ ಹಿಡಿಯಿರಿ. ಕೂದಲೆಳೆಯಂಥ ಗೆರೆ, ಒರೆಸಿದ ಮೇಲೂ ಮತ್ತೆ ಮೂಡುವ ಕಪ್ಪು ಎಳೆ ಕಂಡರೆ ಹತ್ತಬೇಡಿ. ಅಲ್ಯೂಮಿನಿಯಂಗೆ ಇಷ್ಟು ಒತ್ತಡದೊಳಗಿದ್ದರೆ ದಣಿಯುವುದೇ ಇಲ್ಲ ಅನ್ನುವ ಮಿತಿ ಇಲ್ಲ. ಒಂದು ದಿನ ಇಳಿಜಾರಲ್ಲಿ ಕೈಕೊಡುತ್ತೆ.

ಮತ್ತೊಬ್ಬರು: ಫಾರ್ವರ್ಡ್ ಬಂದಿದೆ: ಕೊಳವೆಯೊಳಗೆ ಫೋಮ್ ತುಂಬಿದರೆ ಬಿಗಿಯಾಗುತ್ತಂತೆ.

ಮೆಕ್ಯಾನಿಕ್: ಆಗಲ್ಲ. ಫೋಮ್ ನೀರು ಹಿಡಿದಿಟ್ಟುಕೊಂಡು ಸ್ಟೀಲನ್ನು ಒಳಗಿಂದಲೇ ತಿನ್ನುತ್ತೆ. ಸೀಳಿಗೆ ಎಪಾಕ್ಸಿ ಅಂಟು ಮೆತ್ತಿ ಅನ್ನೋ ಫಾರ್ವರ್ಡೂ ಬರುತ್ತೆ, ಅದನ್ನು ಇಲ್ಲಿ ಹಾಕಬೇಡಿ.

ಹಳೇ ಸ್ಟೀಲ್: ಸ್ಟೀಲ್ ಆಗಿದ್ದರೆ ಸೀಳ್ತಾ ಇರಲಿಲ್ಲ.

ಮೆಕ್ಯಾನಿಕ್: ಸೀಳುತ್ತೆ. ನಾನೇ ನೋಡಿದ್ದೀನಿ.

ಕಾರ್ಬನ್ ಭಕ್ತ: ಹ್ಹಹ್ಹ.

ಹಳೇ ಸ್ಟೀಲ್: ನಿಮ್ಮನ್ನು ಯಾರು ಕೇಳಿದರು?

ಇನ್ನೊಬ್ಬರು: ಟೈಟಾನಿಯಂ ಹೇಗೆ ಸರ್?

ಮತ್ತೊಬ್ಬರು: ಬಳುಕು ಕಮ್ಮಿ ಮಾಡೋಕೆ ಏನು ಮಾಡಬೇಕು?

ಮೆಕ್ಯಾನಿಕ್: ಏನೂ ಬೇಡ. ಟೈರ್ ಬದಲಿಸಿ, ಚೈನ್ ತೊಳೆಯಿರಿ. ಅಲ್ಲಿ ಪೋಲಾಗುವುದರ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಮೂರನೇ ಸಲ ಇದೇ ಪ್ರಶ್ನೆ.

ಬೆಟ್ಟದ ಸವಾರ: ಟಾರ್ಚ್ ಹಿಡಿದೆ. ಬಲ ಚೈನ್‌ಸ್ಟೇ ಬೆಸುಗೆ ಪಕ್ಕ ಗೆರೆ ಇದೆ. ಉಗುರು ಸಿಕ್ಕಿಕೊಳ್ಳುತ್ತೆ. ನಾಳೆ ಒಂದು ಸವಾರಿ ಇತ್ತು…

ಮೆಕ್ಯಾನಿಕ್: ಇತ್ತು. ಈಗಿಲ್ಲ.

ಇನ್ನೊಬ್ಬರು: ಟೈಟಾನಿಯಂ ಸರ್?