ಉರಿಮೂತ್ರಕ್ಕೆ ಮಾತ್ರೆ ತೆಗೆದುಕೊಂಡ ಮೇಲೆ ತುರಿಕೆ ಶುರುವಾಗಿದೆ. ಎರಡೂ ಒಂದೇ ತೊಂದರೆಯೇ?

ಪ್ರಶ್ನೆ: ಹಾಸ್ಟೆಲ್ ವಿದ್ಯಾರ್ಥಿನಿ, 19 ವರ್ಷ, ಶಿವಮೊಗ್ಗ

ಮೂರು ವಾರಗಳ ಹಿಂದೆ ಮೂತ್ರ ಮಾಡುವಾಗ ಉರಿ ಕಾಣಿಸಿಕೊಂಡು, ಹತ್ತು ನಿಮಿಷಕ್ಕೊಮ್ಮೆ ಹೋಗಬೇಕೆನಿಸಿ, ಹೋದರೆ ನಾಲ್ಕು ಹನಿಯಷ್ಟೇ ಬರುತ್ತಿತ್ತು. ಅಮ್ಮ ಫೋನಿನಲ್ಲಿ "ಉಷ್ಣವಾಗಿದೆ, ಬಾರ್ಲಿ ನೀರು ಕುಡಿ" ಎಂದರು; ಕುಡಿದೆ, ಕಡಿಮೆಯಾಗಲಿಲ್ಲ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಆಂಟಿಬಯಾಟಿಕ್ ಮಾತ್ರೆಗಳನ್ನು ಐದು ದಿನ ನುಂಗಿದ ಮೇಲೆ ಉರಿ ನಿಂತಿತು. ಆದರೆ ವಾರ ಕಳೆಯುವುದರೊಳಗೆ ಯೋನಿಯ ಸುತ್ತ ವಿಪರೀತ ತುರಿಕೆ ಆರಂಭವಾಗಿ, ಒಡೆದ ಹಾಲಿನಂತಹ ಗಟ್ಟಿ ಬಿಳುಪು ಹೋಗುತ್ತಿದೆ, ಮೂತ್ರ ಮಾಡುವಾಗ ಮತ್ತೆ ಉರಿಯುತ್ತಿದೆ. ಗೆಳತಿ ಕೊಟ್ಟ ಕ್ರೀಮನ್ನು ಹಚ್ಚಿದಾಗ ಹಿತವೆನಿಸುತ್ತದೆ, ಬಿಟ್ಟರೆ ತುರಿಕೆ ಮೊದಲಿಗಿಂತ ಹೆಚ್ಚಾಗುತ್ತದೆ. ಅದೇ ಮಾತ್ರೆಯನ್ನು ಇನ್ನೊಮ್ಮೆ ತೆಗೆದುಕೊಳ್ಳಲೇ? ನನಗೆ ಯಾವ ಲೈಂಗಿಕ ಸಂಪರ್ಕವೂ ಇಲ್ಲ. ವೈದ್ಯರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚದಿಂದ ಇನ್ನೂ ಯಾರ ಬಳಿಗೂ ಹೋಗಿಲ್ಲ.

ಉತ್ತರ 1: ಸ್ತ್ರೀರೋಗ ವೈದ್ಯೆ

ಆ ಮಾತ್ರೆಯನ್ನು ಮತ್ತೆ ಮುಟ್ಟಬೇಡಿ. ನೀವು ಬರೆದಿರುವುದನ್ನು ನೋಡಿದರೆ ಮೊದಲು ಬಂದದ್ದು ಬೇರೆ, ಈಗ ಬಂದಿರುವುದು ಬೇರೆ, ಮತ್ತು ಎರಡನೆಯದಕ್ಕೆ ಮೊದಲನೆಯದರ ಔಷಧಿಯೇ ದಾರಿ ಮಾಡಿಕೊಟ್ಟಿರುವ ಸಾಧ್ಯತೆ ಹೆಚ್ಚು. ನಮ್ಮ ಮನೆಗಳಲ್ಲಿ ಎರಡನ್ನೂ "ಉಷ್ಣ" ಎಂಬ ಒಂದೇ ಮಾತಿನಲ್ಲಿ ಮುಗಿಸುವುದರಿಂದಲೇ ಈ ಗೊಂದಲ.

ಉರಿ ಒಳಗಿನಿಂದಲೇ ಬರುತ್ತದೆಯೋ, ಇಲ್ಲವೇ ಮೂತ್ರವು ಹೊರಗಿನ ಚರ್ಮಕ್ಕೆ ತಗುಲಿದಾಗ ಚುರುಗುಟ್ಟುತ್ತದೆಯೋ ಎಂಬುದನ್ನು ಗಮನಿಸಿ. ಒಳಗೆ ಉರಿದು, ಪದೇ ಪದೇ ಅವಸರವಾಗಿ, ಕಿಬ್ಬೊಟ್ಟೆ ನೋಯುತ್ತಿದ್ದರೆ ಅದು ಬಹುಮಟ್ಟಿಗೆ ಮೂತ್ರಕೋಶದ ಸೋಂಕು. ಹೆಣ್ಣಿನಲ್ಲಿ ಮೂತ್ರ ಹೊರಬರುವ ನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ. ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಅದು ದೊಡ್ಡ ದೂರವಲ್ಲ. ಗೀರಿದ ಚರ್ಮದ ಮೇಲೆ ಚುರುಗುಟ್ಟುವ ಉರಿ, ತೀವ್ರ ತುರಿಕೆ ಮತ್ತು ವಾಸನೆಯಿಲ್ಲದ ಗಟ್ಟಿ ಬಿಳುಪು ಒಟ್ಟಿಗಿದ್ದರೆ ಕ್ಯಾಂಡಿಡಾ ಎಂಬ ಶಿಲೀಂಧ್ರವನ್ನು ಮೊದಲು ಶಂಕಿಸುತ್ತೇವೆ. ಯೋನಿಯಲ್ಲಿ ಸಹಜವಾಗಿಯೇ ಇರುವ ಲ್ಯಾಕ್ಟೋಬ್ಯಾಸಿಲಸ್‌ಗಳು, ಅಂದರೆ ಮೊಸರನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳ ಬಂಧುಗಳು, ಅಲ್ಲಿನ ಪಿಎಚ್ ಅನ್ನು, ಅಂದರೆ ಹುಳಿತನದ ಅಳತೆಯನ್ನು, 3.8ರಿಂದ 4.5ರ ನಡುವೆ ಇರಿಸುತ್ತವೆ. ಆಂಟಿಬಯಾಟಿಕ್ ಇವುಗಳನ್ನೂ ಕೊಂದಾಗ ಕ್ಯಾಂಡಿಡಾ ಬೆಳೆಯಲು ಜಾಗ ಸಿಗುತ್ತದೆ. ಇದಕ್ಕೆ ಲೈಂಗಿಕ ಸಂಪರ್ಕ ಬೇಕಿಲ್ಲ ಎಂಬುದು ಪ್ರತಿಯೊಬ್ಬ ವೈದ್ಯರಿಗೂ ಗೊತ್ತು.

ಪರೀಕ್ಷಿಸಿ ಖಚಿತವಾದರೆ ಫ್ಲುಕೊನಜೋಲ್ 150 ಮಿಲಿಗ್ರಾಂನ ಒಂದೇ ಮಾತ್ರೆ ಸಾಮಾನ್ಯವಾಗಿ ಸಾಕಾಗುತ್ತದೆ; ಆದರೆ ಗರ್ಭಿಣಿಯರು ಅದನ್ನು ತೆಗೆದುಕೊಳ್ಳಬಾರದು. ತೆಳ್ಳಗೆ ಬೂದುಬಣ್ಣದಲ್ಲಿ ಹೋಗಿ ಮೀನಿನ ವಾಸನೆ ಬರುತ್ತಿದ್ದರೆ, ಅಥವಾ ಹಳದಿ-ಹಸಿರು ನೊರೆಯಂತಿದ್ದರೆ ಕಾರಣವೂ ಚಿಕಿತ್ಸೆಯೂ ಬೇರೆ. ಕ್ಯಾಂಡಿಡಾ ಸೋಂಕು ಮತ್ತೆ ಮತ್ತೆ ಮರುಕಳಿಸಿದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಲೇಬೇಕು.

ಉತ್ತರ 2: ಔಷಧಿ ಅಂಗಡಿ ನಡೆಸುವವರು

ನಮ್ಮ ವೃತ್ತಿಯ ತಪ್ಪನ್ನು ನಾನೇ ಒಪ್ಪಿಕೊಳ್ಳಬೇಕು: ಚೀಟಿಯಿಲ್ಲದೆ ಆಂಟಿಬಯಾಟಿಕ್ ಕೊಡಬಾರದಿತ್ತು. ಗೆಳತಿ ಕೊಟ್ಟ ಕ್ರೀಮಿನ ಟ್ಯೂಬನ್ನು ತಿರುಗಿಸಿ ಓದಿ. ಕ್ಲೊಬೆಟಸಾಲ್, ಬೆಟಾಮೆಥಸೋನ್ ಮುಂತಾದ ಹೆಸರುಗಳಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ ಎಂದರ್ಥ. ಅದು ತುರಿಕೆಯನ್ನು ಅಡಗಿಸುತ್ತದೆಯೇ ಹೊರತು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಅಷ್ಟು ತೆಳುವಾದ ಚರ್ಮವನ್ನು ಇನ್ನಷ್ಟು ತೆಳುವಾಗಿಸುತ್ತದೆ. ತೊಡೆಸಂದಿನ ಹುಳುಕಡ್ಡಿಗೆ ಇಂತಹ ಕ್ರೀಮುಗಳನ್ನು ತಿಂಗಳುಗಟ್ಟಲೆ ಹಚ್ಚಿ, ವಾಸಿಯಾಗದ ಸ್ಥಿತಿಗೆ ತಂದುಕೊಂಡವರನ್ನು ನಾನು ದಿನವೂ ನೋಡುತ್ತೇನೆ. ಇನ್ನು ಉರಿಮೂತ್ರಕ್ಕೆ ಎಲ್ಲರೂ ಕೇಳುವ ಸಿರಪ್ಪು ಉರಿಯನ್ನು ಶಮನ ಮಾಡಬಹುದು, ಸೋಂಕನ್ನು ಗುಣಪಡಿಸದು.

ಉತ್ತರ 3: ಹಾಸ್ಟೆಲ್‌ನಲ್ಲಿ ಐದು ವರ್ಷ ಕಳೆದವಳು

ಕಾಲೇಜಿನ ಶೌಚಾಲಯಕ್ಕೆ ಹೆದರಿ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಇರುತ್ತಿದ್ದ ನನಗೆ ವರ್ಷಕ್ಕೆ ನಾಲ್ಕು ಸಲ ಉರಿಮೂತ್ರ ಬರುತ್ತಿತ್ತು. ಪದೇ ಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದವರಿಗೆ ಸೋಂಕು ಸುಮಾರು ಅರ್ಧಕ್ಕೆ ಇಳಿದಿತ್ತು. ಅಮ್ಮನ ಬಾರ್ಲಿ ನೀರಿನಲ್ಲಿಯೂ ಕೆಲಸ ಮಾಡುವುದು ಬಹುಶಃ ನೀರೇ ಇರಬೇಕು.

ಮಲೆನಾಡಿನ ಮಳೆಗಾಲದಲ್ಲಿ ಒಳಉಡುಪು ಒಣಗುವುದೇ ಇಲ್ಲ. ಸಾಲದ್ದಕ್ಕೆ ಯಾರ ಕಣ್ಣಿಗೂ ಬೀಳದಂತೆ ಟವೆಲಿನ ಕೆಳಗೆ ಹರಡುತ್ತೇವೆ. ಹಸಿಯಾಗಿದ್ದರೆ ಇಸ್ತ್ರಿ ಮಾಡಿ ಹಾಕಿಕೊಳ್ಳಿ, ಹತ್ತಿಯದೇ ಇರಲಿ. ಆಂಟಿಸೆಪ್ಟಿಕ್ ದ್ರಾವಣದಿಂದಾಗಲಿ, ಪರಿಮಳದ ವಾಶ್‌ಗಳಿಂದಾಗಲಿ ತೊಳೆಯಬೇಡಿ. ಹೊರಭಾಗಕ್ಕೆ ಬರಿಯ ನೀರು ಸಾಕು.

ಸಂಕೋಚದ ವಿಷಯಕ್ಕೆ: ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗಾಗಿ ಸ್ನೇಹಾ ಕ್ಲಿನಿಕ್ ಇರುತ್ತದೆ, ಅಲ್ಲಿ ಹೇಳಿದ್ದು ಗೋಪ್ಯವಾಗಿ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

ಟ್ಯೂಬಿನ ಮೇಲೆ ಕ್ಲೊಬೆಟಸಾಲ್ ಎಂದೇ ಇದೆ, ಹಚ್ಚುವುದನ್ನು ನಿಲ್ಲಿಸಿದ್ದೇನೆ. ನಾಳೆ ಆಸ್ಪತ್ರೆಗೆ ಹೋಗುತ್ತೇನೆ. ಮೂತ್ರದ ಪರೀಕ್ಷೆಯೂ ಬೇಕಾಗುತ್ತದೆಯೇ?

ಉತ್ತರ 1ರ ವೈದ್ಯೆ

ಬೇಕಾಗಬಹುದು; ಎರಡೂ ಸೋಂಕುಗಳು ಒಟ್ಟಿಗೇ ಇರುವುದೂ ಉಂಟು. ಮೊದಲ ಸ್ವಲ್ಪ ಮೂತ್ರವನ್ನು ಬಿಟ್ಟು ನಡುವಿನದನ್ನು ಡಬ್ಬಿಯಲ್ಲಿ ಹಿಡಿಯಿರಿ, ಇಲ್ಲವಾದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೇರಿಕೊಂಡು ವರದಿ ದಾರಿತಪ್ಪಿಸುತ್ತದೆ. ಇಂದು ರಾತ್ರಿಯೇ ಚಳಿಜ್ವರ, ವಾಂತಿ ಅಥವಾ ಪಕ್ಕೆಯ ಹಿಂಭಾಗದಲ್ಲಿ ನೋವು ಕಾಣಿಸಿಕೊಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಆಗ ಬೆಳಗಾಗುವವರೆಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.