ಲಾಗ್‌ಲೈನ್ ಬರೆಯೋದು ಹೇಗೆ? ನನ್ನ ಸಾಲು ನೋಡಿ, ಬಲ್ಲವರು ಸಲಹೆ ಕೊಡಿ

ಹೊಸ_ಬರಹಗಾರ:
ಎಲ್ಲರಿಗೂ ನಮಸ್ಕಾರ. 2 ಗಂಟೆ 10 ನಿಮಿಷದ ಸಿನಿಮಾಕ್ಕೆ ಸ್ಕ್ರಿಪ್ಟ್ ಬರೆದಿದ್ದೇನೆ. ಎಲ್ಲಿ ಕಳಿಸೋಕೆ ಹೋದರೂ ಮೊದಲು ಲಾಗ್‌ಲೈನ್, ಅಂದರೆ ಇಡೀ ಕಥೆಯನ್ನು ಒಂದೆರಡು ವಾಕ್ಯದಲ್ಲಿ ಹೇಳೋ ಸಾಲು, ಕೇಳುತ್ತಾರೆ. ಸದ್ಯಕ್ಕೆ ಇದು ಇದೆ:

“ನೀರಿಗಾಗಿ ಹಾತೊರೆಯುವ ಕೋಲಾರದ ಹಳ್ಳಿಯೊಂದರಲ್ಲಿ ನಂಬಿಕೆ ಮತ್ತು ಮೋಸದ ನಡುವೆ ಸಿಲುಕಿದ ಮುನಿಯಪ್ಪನ ಭಾವನಾತ್ಮಕ ಪಯಣ.”

ಕಥೆ ಇಷ್ಟು: ಮುನಿಯಪ್ಪ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ ಪಾಯಿಂಟ್ ತೋರಿಸುವವನು. ಕಾಯಿ ಎದ್ದು ನಿಲ್ಲೋದು ಕೈಚಳಕ ಅನ್ನೋದು ಅವನಿಗೆ ಗೊತ್ತು, ಊರಿಗೆ ಗೊತ್ತಿಲ್ಲ. ಅವನು ತೋರಿಸಿದ ಜಾಗ ನಂಬಿ ಸ್ವಂತ ಅಳಿಯನೇ ಜಮೀನು ಅಡವಿಟ್ಟು ಸಾಲ ತರುತ್ತಾನೆ. ರಿಗ್ (ಬೋರ್ ಕೊರೆಯೋ ಯಂತ್ರ) ಬರೋಕೆ ಮೂರು ದಿನ ಇದೆ. ಕೊನೆಗೆ ಮುನಿಯಪ್ಪ ಊರೆದುರು ನಿಜ ಒಪ್ಪಿಕೊಳ್ಳುತ್ತಾನೆ. ಲಾಗ್‌ಲೈನ್ ಸರಿಯಿದೆಯಾ? ಎಷ್ಟು ಪದ ಇರಬೇಕು?

ಸ್ಕ್ರಿಪ್ಟ್_ರೀಡರ್:
ಕೆಳಗೆ ಬರೆದ ಕಥೆಯಲ್ಲಿ ಸಿನಿಮಾ ಇದೆ, ಮೇಲಿನ ಸಾಲಿನಲ್ಲಿ ಇಲ್ಲ. ಆ ಸಾಲಿನಿಂದ ಕೋಲಾರ, ಮುನಿಯಪ್ಪ ಎರಡನ್ನೂ ತೆಗೆದು ನೋಡಿ. ಉಳಿದದ್ದು ಹತ್ತು ಬೇರೆ ಸ್ಕ್ರಿಪ್ಟಿಗೂ ಹೊಂದುತ್ತದೆ. “ಭಾವನಾತ್ಮಕ ಪಯಣ”, “ನಡುವೆ ಸಿಲುಕಿದ”, “ಸುತ್ತ ಹೆಣೆದ ಕಥೆ”, “ಅನಿರೀಕ್ಷಿತ ತಿರುವು” ಇವು ಯಾವುದನ್ನೂ ಕ್ಯಾಮೆರಾ ಮುಂದೆ ಇಟ್ಟು ಶೂಟ್ ಮಾಡೋಕಾಗಲ್ಲ. ಓದುವವರು ಹುಡುಕೋದು ಐದು ವಿಷಯ: ಯಾರು, ಅವರಿಗೆ ಏನಾಯಿತು, ಅದರಿಂದ ಏನು ಮಾಡಲೇಬೇಕಾಯಿತು, ಯಾರು ಅಥವಾ ಯಾವುದು ಅಡ್ಡ ಬರುತ್ತಿದೆ, ಸೋತರೆ ಕಳೆದುಕೊಳ್ಳೋದೇನು. ಗಡುವು ಇದ್ದರೆ ಆರನೆಯದು. ನಿಮ್ಮ ಕಥೆಯಲ್ಲಿ ಗಡುವೂ ಇದೆ, ಅದನ್ನೇ ಬಿಟ್ಟಿದ್ದೀರಿ.

ಪಾತ್ರದ ಹೆಸರು ಬೇಡ. “ಮುನಿಯಪ್ಪ” ಅಂದರೆ ಓದುವವರಿಗೆ ಏನೂ ಕಾಣಲ್ಲ, “ಬೋರ್‌ವೆಲ್ ಪಾಯಿಂಟ್ ತೋರಿಸುವವನು” ಅಂದರೆ ಆಳು, ಊರು, ಬಿಸಿಲು ಎಲ್ಲ ಕಾಣುತ್ತದೆ. ಎಲ್ಲರೂ ಬಲ್ಲ ಚಾರಿತ್ರಿಕ ವ್ಯಕ್ತಿಯಾದರೆ ಮಾತ್ರ ಹೆಸರು ಹಾಕಿ. ಕಸುಬಿನ ಜೊತೆಗೆ ಒಂದೇ ಒಂದು ಗುಣ ಸಾಕು, ಅದು ಕಥೆಯ ಸಮಸ್ಯೆಗೆ ತಗುಲಿಕೊಳ್ಳುವಂಥದ್ದಿರಲಿ. “ಪ್ರಾಮಾಣಿಕ”, “ಮುಗ್ಧ”, “ಸಾಮಾನ್ಯ” ಹಾಕಿದರೆ ಪದ ದಂಡ. ನಿಮ್ಮವನ ವಿಷಯದಲ್ಲಿ ಆ ಗುಣ ರೆಡಿ ಇದೆ: ತನ್ನ ವಿದ್ಯೆ ಸುಳ್ಳು ಅಂತ ಬಲ್ಲವನು. ಊರಿಗೆಲ್ಲ ಪಾಯಿಂಟ್ ತೋರಿಸಿದವನೇ ಈಗ ಒಂದು ಬೋರ್ ತಪ್ಪಿಸಬೇಕು. ಈ ವ್ಯಂಗ್ಯವೇ ಓದುವವರನ್ನು ಹಿಡಿದಿಡೋ ಕೊಕ್ಕೆ.

ಪದಗಳ ಬಗ್ಗೆ: ಇಂಗ್ಲಿಷಿನಲ್ಲಿ 25ರಿಂದ 35 ಅನ್ನುತ್ತಾರೆ. ಕನ್ನಡದಲ್ಲಿ ಪ್ರತ್ಯಯ ಎಲ್ಲ ಪದಕ್ಕೇ ಅಂಟೋದರಿಂದ ಅದೇ ವಿಷಯ 20ರಿಂದ 26ರಲ್ಲಿ ಹಿಡಿಯುತ್ತದೆ. 30 ದಾಟಿದರೆ ಉಪಕಥೆ ನುಸುಳಿದೆ ಅಂತ ಲೆಕ್ಕ.

ಸಂಭಾಷಣೆ_ಪೆನ್ನು:
ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಇಂಗ್ಲಿಷ್ ಲಾಗ್‌ಲೈನಿನ ಅಚ್ಚನ್ನು ಹಾಗೇ ತಂದು ಒಂದೇ ವಾಕ್ಯದಲ್ಲಿ ತುಂಬೋಕೆ ಹೋಗಬೇಡಿ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. “ಹೆಸರು ಮಾಡಿದ, ಸಾಲ ಮಾಡಿಸಿದ, ಊರು ನಂಬಿದ” ಅಂತ ವಿಶೇಷಣ ಪೇರಿಸಿದರೆ ನಾಯಕ ಯಾರು ಅಂತ ತಿಳಿಯೋಷ್ಟರಲ್ಲಿ ಓದುವವರು ಸುಸ್ತು. ನಾಯಕನ ಪದಕ್ಕೆ ಮೊದಲು ಇಂಥ ವಿಶೇಷಣ ಎರಡಕ್ಕಿಂತ ಹೆಚ್ಚು ಬೇಡ. ಎರಡು ವಾಕ್ಯ ಮಾಡಿದರೆ ಯಾರೂ ಬೈಯಲ್ಲ: ಮೊದಲನೆಯದರಲ್ಲಿ ಆಳು ಮತ್ತು ಅವನ ಸ್ಥಿತಿ, ಎರಡನೆಯದರಲ್ಲಿ ಘಟನೆ, ಅಡ್ಡಿ, ಗುರಿ. ಕೊನೆಯ ಪದ ಗುರಿಯ ಕ್ರಿಯಾಪದವೇ ಆಗಿರಲಿ. ತಪ್ಪಿಸಬೇಕು, ಹುಡುಕಬೇಕು, ಬಚ್ಚಿಡಬೇಕು, ಈ ಥರ. ಓದು ಮುಗಿಯೋದು ಅಲ್ಲಿ, ತಲೆಯಲ್ಲಿ ಉಳಿಯೋದೂ ಅದೇ. “ಅರಿತುಕೊಳ್ಳುತ್ತಾನೆ”, “ಎದುರಿಸುತ್ತಾನೆ” ಅಂತ ಮುಗಿಸಿದರೆ ಗಾಳಿ ಹೋದ ಹಾಗೆ.

“ಮುಂದೇನಾಗುತ್ತದೆ?” “ಅವನು ಗೆಲ್ಲುವನೇ?” ಅಂತ ಪ್ರಶ್ನೆ ಹಾಕೋದು ಪೋಸ್ಟರಿನ ಟ್ಯಾಗ್‌ಲೈನಿಗೆ. ಟ್ಯಾಗ್‌ಲೈನ್ ಪ್ರೇಕ್ಷಕನಿಗೆ, ಲಾಗ್‌ಲೈನ್ ದುಡ್ಡು ಹಾಕುವವರಿಗೆ.

ಹೊಸ_ಬರಹಗಾರ:
ಧನ್ಯವಾದ ಸರ್. ತಿದ್ದಿದ್ದು ನೋಡಿ:

“ಬೋರ್‌ವೆಲ್ ಪಾಯಿಂಟ್ ತೋರಿಸಿ ಹೆಸರಾದ, ಆದರೆ ಅದು ಬರೀ ಕೈಚಳಕವೆಂದು ಬಲ್ಲ ವ್ಯಕ್ತಿಯೊಬ್ಬ, ತನ್ನನ್ನು ನಂಬಿ ಜಮೀನು ಅಡವಿಟ್ಟ ಅಳಿಯನನ್ನು ಉಳಿಸಲು ಹೋರಾಡಿ ಕೊನೆಗೆ ಊರೆದುರು ಸತ್ಯ ಒಪ್ಪಿಕೊಳ್ಳುತ್ತಾನೆ.”

ಇನ್ನೊಂದು ಡೌಟು. ಇಂಟರ್‌ವಲ್ ಟ್ವಿಸ್ಟ್ ಹಾಕಬೇಕಾ?

ಸಹ_ನಿರ್ದೇಶಕಿ:
ಮೊದಲಿಗಿಂತ ತುಂಬಾ ಮೇಲು. ಇನ್ನೂ ಮೂರು ತೊಂದರೆ ಇವೆ. ಕ್ಲೈಮ್ಯಾಕ್ಸ್ ಬಿಟ್ಟುಕೊಟ್ಟಿದ್ದೀರಿ, ಅದರ ಜಾಗ ಸಿನಾಪ್ಸಿಸ್, ಅಂದರೆ ಪೂರ್ತಿ ಕಥೆಯ ಸಾರಾಂಶ. ಅಲ್ಲಿ ಮಾತ್ರ ಅಂತ್ಯ ಬಚ್ಚಿಡಬೇಡಿ, ಬಚ್ಚಿಟ್ಟರೆ ಬರಹಗಾರನಿಗೆ ಕಥೆ ಮುಗಿಸೋಕೆ ಬಂದಿಲ್ಲ ಅಂದುಕೊಳ್ಳುತ್ತಾರೆ. ಎರಡನೆಯದು “ಉಳಿಸಲು ಹೋರಾಡಿ”. ಏನು ಮಾಡಿ ಉಳಿಸುತ್ತಾನೆ? ಬೋರ್ ಹೊಡೆಯದ ಹಾಗೆ ತಡೆಯಬೇಕು ತಾನೆ? ಹಾಗೇ ಬರೆಯಿರಿ. ಮೂರನೆಯದು ದೊಡ್ಡದು: ಅಡ್ಡ ಬರುವವರೇ ಇಲ್ಲ. ಮಾವ ಹೋಗಿ ಅಳಿಯನ ಕಿವಿಯಲ್ಲಿ ನಿಜ ಹೇಳಿದರೆ ಮೊದಲ ಅರ್ಧ ಗಂಟೆಯಲ್ಲೇ ಸಿನಿಮಾ ಮುಗಿಯಿತು. ಯಾಕೆ ಹೇಳೋಕಾಗಲ್ಲ ಅನ್ನೋದಕ್ಕೆ ಸ್ಕ್ರಿಪ್ಟಿನಲ್ಲಿ ಉತ್ತರ ಇದೆಯಾ? ಇಲ್ಲದಿದ್ದರೆ ತಿದ್ದಬೇಕಾದದ್ದು ಸ್ಕ್ರಿಪ್ಟನ್ನು.

ಇಂಟರ್‌ವಲ್: ಸಾಮಾನ್ಯವಾಗಿ ಲಾಗ್‌ಲೈನ್ ಮೊದಲ 25–30 ನಿಮಿಷದ ಘಟನೆಯನ್ನೂ ಅದರಿಂದ ಹುಟ್ಟುವ ಸಂಘರ್ಷವನ್ನೂ ಹಿಡಿದರೆ ಸಾಕು. ಇಂಟರ್‌ವಲ್ ಬ್ಲಾಕ್ (ಇಂಟರ್‌ವಲ್ ಹೊತ್ತಿಗೆ ಬರೋ ತಿರುವು) ಹೇಳದೆ ಕಥೆಯೇ ಅರ್ಥವಾಗದಿದ್ದರೆ ಹಾಕಲೇಬೇಕು. ಆದರೆ ಹಾಗಾದಾಗ ಫಸ್ಟ್ ಹಾಫಿನಲ್ಲಿ ಒಂದು ಗಂಟೆ ಏನು ನಡೆಯುತ್ತಿದೆ ಅಂತ ಒಮ್ಮೆ ನೋಡಿಕೊಳ್ಳಿ. ಬಹಳ ಸಲ ಅಲ್ಲಿ ಹಾಡು, ಕಾಮಿಡಿ, ಪರಿಚಯದ ಸೀನುಗಳೇ ತುಂಬಿರುತ್ತವೆ.

ಹೊಸ_ಬರಹಗಾರ:
ಇದೆ ಮೇಡಂ. ರಿಗ್ ಏಜೆಂಟ್ ಒಬ್ಬ ಇದ್ದಾನೆ. ಇಷ್ಟು ವರ್ಷ ಅಡಿಗಿಷ್ಟು ಅಂತ ಮುನಿಯಪ್ಪನಿಗೆ ಕಮಿಷನ್ ಕೊಟ್ಟವನು. ಈ ಬೋರ್ ನಿಲ್ಲಿಸಿದರೆ ಎಲ್ಲ ಬಯಲು ಮಾಡುತ್ತೇನೆ ಅಂತ ಹೆದರಿಸುತ್ತಾನೆ. ಅದು ಉಪಕಥೆ ಅಂತ ಬಿಟ್ಟಿದ್ದೆ.

ಸ್ಕ್ರಿಪ್ಟ್_ರೀಡರ್:
ಅವನೇ ಖಳ, ಉಪಕಥೆ ಹೇಗಾಗುತ್ತಾನೆ! ಹೀಗೆ ನೋಡಿ:

“ಬೋರ್‌ವೆಲ್ ಪಾಯಿಂಟ್ ತೋರಿಸಿ ಹೆಸರಾದವನಿಗೆ ತನ್ನದು ಬರೀ ಕೈಚಳಕವೆಂದು ಗೊತ್ತು. ಅದನ್ನೇ ನಂಬಿ ಅಳಿಯ ಜಮೀನು ಅಡವಿಟ್ಟಾಗ, ಗುಟ್ಟು ಬಯಲು ಮಾಡುವೆನೆಂದು ಬೆದರಿಸುವ ರಿಗ್ ಏಜೆಂಟನನ್ನು ಎದುರುಹಾಕಿಕೊಂಡು ಅವನು ಮೂರು ದಿನದಲ್ಲಿ ಆ ಬೋರ್ ತಪ್ಪಿಸಬೇಕು.”

26 ಪದ. ಕಳೆದುಕೊಳ್ಳೋದು ಏನು ಅಂತ ಬೇರೆ ಹೇಳಿಲ್ಲ, “ಜಮೀನು”, “ಗುಟ್ಟು” ಎರಡೇ ಪದ ಅದನ್ನು ಹೊತ್ತುಕೊಂಡಿವೆ. ಕೋಲಾರವನ್ನೂ ಬಿಟ್ಟಿದ್ದೇನೆ, ಬೋರ್‌ವೆಲ್ ಅಂದಮೇಲೆ ಬಯಲುಸೀಮೆ ಕಂಡೇ ಕಾಣುತ್ತದೆ.

ಸಂಭಾಷಣೆ_ಪೆನ್ನು:
ಚೆನ್ನಾಗಿದೆ, ಆದರೆ ಇದು ಹಾಸ್ಯವೋ ಗಂಭೀರವೋ ತಿಳಿಯುತ್ತಿಲ್ಲ. ಇದೇ ಕಥೆ ಎರಡೂ ಆಗಬಹುದು. ಹಾಸ್ಯವಾದರೆ “ಹೆಸರಾದವನಿಗೆ” ಬದಲು “ಊರೂರಿಗೆ ಟೋಪಿ ಹಾಕಿದವನಿಗೆ” ಅನ್ನಿ, ಧಾಟಿ ತಾನಾಗೇ ಬದಲಾಗುತ್ತದೆ. “ಇದು ಕಾಮಿಡಿ ಸಿನಿಮಾ” ಅಂತ ಲಾಗ್‌ಲೈನ್ ಒಳಗೆ ಬರೆಯಬೇಡಿ.

ಪರೀಕ್ಷೆ ಮಾಡೋ ಕ್ರಮ: ಕಥೆ ಗೊತ್ತಿಲ್ಲದ ಐದು ಜನರಿಗೆ ಜೋರಾಗಿ ಒಂದೇ ಸಲ ಓದಿ ಹೇಳಿ. 15 ಸೆಕೆಂಡ್ ಆಸುಪಾಸಿನಲ್ಲಿ ಮುಗಿಯಬೇಕು. ಹತ್ತು ನಿಮಿಷ ಬೇರೆ ಮಾತಾಡಿ, ಆಮೇಲೆ ಕಥೆ ಏನು ಅಂತ ಅವರನ್ನೇ ಕೇಳಿ. ಇಬ್ಬರು ಮೂವರು ಒಂದೇ ಅಂಶ ಬಿಟ್ಟರೆ ಅದು ಸಾಲಿನಲ್ಲಿ ಮಸುಕಾಗಿದೆ. “ಚೆನ್ನಾಗಿದೆ” ಅನ್ನೋ ಉತ್ತರ ಲೆಕ್ಕಕ್ಕಿಲ್ಲ. “ಅಳಿಯನಿಗೆ ಯಾಕೆ ಹೇಳಲ್ಲ?” ಅಂತ ತಿರುಗಿ ಕೇಳಿದರೆ ಕೆಲಸ ಆಗಿದೆ.

ಕಾಪಿರೈಟ್_ಬಲ್ಲವ:
ಇಲ್ಲಿ ಹಾಕಿದ್ದೀರಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಬರೀ ಐಡಿಯಾಗೆ ಕಾಪಿರೈಟ್ ಇಲ್ಲ, ಅದನ್ನು ಬರೆದು ವಿಸ್ತರಿಸಿದ ರೂಪಕ್ಕೆ ಮಾತ್ರ ಇದೆ. ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಮತ್ತು ಡಿಲಕ್ಸ್ ಫಿಲಂಸ್ ನಡುವಿನ ಮೊಕದ್ದಮೆಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. 26 ಪದ ನೆಚ್ಚಿಕೊಂಡು ಕೋರ್ಟಿಗೆ ಹೋದರೆ ನಿಲ್ಲೋದು ಕಷ್ಟ. ಹೊರಗೆ ಕಳಿಸೋ ಮುಂಚೆ ಪೂರ್ತಿ ಸ್ಕ್ರಿಪ್ಟ್, ಕಡೇಪಕ್ಷ ವಿವರವಾದ ಸಿನಾಪ್ಸಿಸ್ ನೋಂದಣಿ ಮಾಡಿಸಿ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ತನ್ನ ಸದಸ್ಯರಿಗೆ ಆನ್‌ಲೈನಿನಲ್ಲಿ ನೋಂದಣಿ ಮಾಡಿಕೊಡುತ್ತದೆ. ಕೇಂದ್ರ ಸರ್ಕಾರದ ಕಾಪಿರೈಟ್ ಆಫೀಸಿನಲ್ಲೂ ಸಾಹಿತ್ಯ ಕೃತಿಯಾಗಿ ಮಾಡಿಸಬಹುದು. ಯಾರಿಗೆ, ಯಾವ ದಿನ, ಯಾವ ಡ್ರಾಫ್ಟ್ ಕಳಿಸಿದಿರಿ ಅನ್ನೋದಕ್ಕೆ ಇಮೇಲ್ ದಾಖಲೆ ಇರಲಿ. ವಾಟ್ಸಾಪ್ ವಾಯ್ಸ್ ನೋಟಿನಲ್ಲಿ ಕಥೆ ಹೇಳೋದು ಬೇಡ.

ಸಹ_ನಿರ್ದೇಶಕಿ:
ಕಳಿಸುವಾಗ ಒಂದು ಗಮನಿಸಿ. ಗಾಂಧಿನಗರದ ಆಫೀಸುಗಳಲ್ಲಿ “ಒನ್‌ಲೈನ್ ಕಳಿಸಿ” ಅಂದರೆ ಕೆಲವರು ಕೇಳೋದು ಲಾಗ್‌ಲೈನ್, ಕೆಲವರು ಕೇಳೋದು ಸೀನ್ ಆರ್ಡರ್, ಅಂದರೆ ಸೀನಿಗೊಂದು ಸಾಲಿನಂತೆ ಹಲವು ಪುಟದ ಪಟ್ಟಿ. ಫೋನ್ ಮಾಡಿ ಯಾವುದು ಅಂತ ಕೇಳಿಯೇ ಕಳಿಸಿ. ಲಾಗ್‌ಲೈನೇ ಆದರೆ ಅಟ್ಯಾಚ್ ಮಾಡಬೇಡಿ, ಇಮೇಲ್ ಒಳಗೇ ಟೈಪ್ ಮಾಡಿ. ಮೊದಲ ಸಾಲಲ್ಲಿ ಟೈಟಲ್, ಪ್ರಕಾರ, ಭಾಷೆ, ಅವಧಿ. ಅದರ ಕೆಳಗೆ ಲಾಗ್‌ಲೈನ್. ಆಮೇಲೆ ಫೋನ್ ನಂಬರ್. ನಾಲ್ಕು ಪ್ಯಾರಾ ಪೀಠಿಕೆ ಬರೆದರೆ ಮೊಬೈಲಿನಲ್ಲಿ ಓದುವವರು ಲಾಗ್‌ಲೈನ್ ತನಕ ಬರೋದೇ ಇಲ್ಲ.